ಲೇಆಫ್ ಆದ ಮೇಲೆ ಎಐ ಕಲಿಯುವುದು ಹೇಗೆ? ಹಳೆ ಕಸುಬಿನಿಂದಲೇ ಶುರು ಮಾಡಿ

ಬೆಂಗಳೂರಿನಲ್ಲಿ 11 ವರ್ಷ ಟೆಸ್ಟಿಂಗ್ ಮಾಡಿದ್ದೆ. ಆರೋಗ್ಯ ವಿಮೆಯ ಕ್ಲೈಮ್ ಸಾಫ್ಟ್‌ವೇರ್, ಜಾಸ್ತಿ ಮ್ಯಾನುಯಲ್, ಸ್ವಲ್ಪ ಸೆಲೆನಿಯಮ್ (ಟೆಸ್ಟ್ ತಾನಾಗಿ ಓಡಿಸುವ ಟೂಲ್). ಒಂದು ಮಂಗಳವಾರ ಬೆಳಗ್ಗೆ ಎಚ್‌ಆರ್ ಕಾಲ್ ಬಂತು, 15 ನಿಮಿಷಕ್ಕೆ ಎಲ್ಲ ಮುಗಿಯಿತು. ಮತ್ತೆ ಕೆಲಸ ಸಿಗಲು 8 ತಿಂಗಳು ಹಿಡಿಯಿತು. ಈಗ ಎಐ ಕೊಡುವ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದೇ ನನ್ನ ಕೆಲಸ. ಆ 8 ತಿಂಗಳಲ್ಲಿ ಮೊದಲ 3 ತಿಂಗಳು ತಪ್ಪು ದಾರಿಯಲ್ಲಿ ಕಳೆದವು. ನಿಮ್ಮ 3 ತಿಂಗಳಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಲಿಯುವುದು ಆಮೇಲೆ. ಮೊದಲ ವಾರ ಕಾಗದ ಪತ್ರ ನೋಡಿಕೊಳ್ಳಿ.

ಎಷ್ಟೋ ಕಡೆ "ನೀವೇ ರಾಜೀನಾಮೆ ಕೊಟ್ಟುಬಿಡಿ, ರೆಕಾರ್ಡ್ ಚೆನ್ನಾಗಿರುತ್ತದೆ" ಎನ್ನುತ್ತಾರೆ. ಅದೇ ದಿನ ಸಹಿ ಹಾಕಬೇಡಿ. ಏನೇನು ಕೊಡುತ್ತೀರಿ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ: ನೋಟಿಸ್ ಪೀರಿಯಡ್ ಸಂಬಳ, ಉಳಿದ ರಜೆಯ ಹಣ, 5 ವರ್ಷ ಪೂರೈಸಿದ್ದರೆ ಗ್ರ್ಯಾಚುಯಿಟಿ. ಗ್ರ್ಯಾಚುಯಿಟಿ ಲೆಕ್ಕ ಸುಲಭ. ಕೊನೆಯ ತಿಂಗಳ ಬೇಸಿಕ್ ಅನ್ನು (ಡಿಎ ಇದ್ದರೆ ಅದನ್ನೂ ಸೇರಿಸಿ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. ಬೇಸಿಕ್ 52,000 ಇದ್ದು 11 ವರ್ಷ ಆಗಿದ್ದರೆ 3,30,000 ರೂಪಾಯಿ. ಅವರು ಹೇಳುವ ಮೊತ್ತ ಇದಕ್ಕಿಂತ ಕಡಿಮೆ ಇದೆಯಾ ನೋಡಿ. ಪೇಸ್ಲಿಪ್, ಫಾರ್ಮ್ 16 ಎಲ್ಲ ಲ್ಯಾಪ್‌ಟಾಪ್ ಲಾಕ್ ಆಗುವ ಮೊದಲೇ ಇಳಿಸಿಕೊಳ್ಳಿ. ಪಿಎಫ್‌ನ ಯುಎಎನ್ ನಿಮ್ಮ ಸ್ವಂತ ಮೊಬೈಲ್ ನಂಬರಿಗೆ ಜೋಡಿಸಿದೆಯೇ ಎಂದೂ ನೋಡಿ.

ಇನ್ನೊಂದು ವಿಷಯ ಜನ ಮರೆತೇಬಿಡುತ್ತಾರೆ, ನಾನು ವರ್ಷಗಟ್ಟಲೆ ಇದೇ ಸಾಫ್ಟ್‌ವೇರ್ ಪರೀಕ್ಷಿಸಿದ್ದರಿಂದ ಒತ್ತಿ ಹೇಳುತ್ತೇನೆ. ಕಂಪನಿ ಕೊಟ್ಟ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಮನೆಯಲ್ಲಿ ಅಪ್ಪನಿಗೆ ಬಿಪಿ, ಅಮ್ಮನಿಗೆ ಶುಗರ್ ಇದ್ದರೆ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತಾ ಎಂದು ಕೆಲಸ ಬಿಡುವ ಮೊದಲೇ ಕೇಳಿ. ಹಾಗೆ ಬದಲಾದರೆ ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಇಲ್ಲಿಯವರೆಗೆ ಕಾಯ್ದ ಅವಧಿ ಸುಮ್ನೆ ಹೋಗುವುದಿಲ್ಲ.

ಮನೆಯವರಿಗೆ ಅವತ್ತೇ ಹೇಳಿ. ನಾನು 10 ದಿನ ಮುಚ್ಚಿಟ್ಟೆ, ದಿನಾ ಬ್ಯಾಗ್ ಹಾಕಿಕೊಂಡು ಲೈಬ್ರರಿಗೆ ಹೋಗಿ ಕೂತೆ, ಆ 10 ದಿನದಲ್ಲಿ ಒಂದು ಸಾಲೂ ತಲೆಗೆ ಹೋಗಲಿಲ್ಲ. ಇದು ನಿಮ್ಮೊಬ್ಬರಿಗೇ ಆದದ್ದೂ ಅಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು, ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು.

ಈಗ ನನ್ನ ತಪ್ಪು ದಾರಿ. ಒಂದು ಸಂಸ್ಥೆಯವರು ಫೋನ್ ಮಾಡಿ "6 ತಿಂಗಳಲ್ಲಿ ಡೇಟಾ ಸೈಂಟಿಸ್ಟ್ ಆಗುತ್ತೀರಿ, ಕೆಲಸ ಗ್ಯಾರಂಟಿ" ಎಂದರು. ಫೀಸು ಎರಡೂವರೆ ಲಕ್ಷ. ಮುಂಗಡ ಕಟ್ಟಿದೆ. 3 ತಿಂಗಳ ಹತ್ತಿರ ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್ ಎಂದು ಓದಿದೆ, ನಿನ್ನೆ ಕಾಲೇಜು ಮುಗಿಸಿದ ಹುಡುಗರ ಜೊತೆ ಅವರ ಆಟದಲ್ಲೇ ಓಡಲು ಹೊರಟಿದ್ದೆ. ಆಮೇಲೆ ಬಿಟ್ಟೆ, ಮುಂಗಡ ವಾಪಸ್ ಬರಲಿಲ್ಲ. ಪೂರ್ತಿ ಫೀಸಿಗೆ ಲೋನ್ ಕಾಗದವೂ ಕೊಟ್ಟಿದ್ದರು, ದೇವರ ದಯೆ, ಸಹಿ ಹಾಕಿರಲಿಲ್ಲ. ಅಂಥ ಕಡೆ "ಕಂತು" ಎನ್ನುವುದು ಎಷ್ಟೋ ಸಲ ನಿಮ್ಮ ಹೆಸರಿನ ಸಾಲವೇ ಆಗಿರುತ್ತದೆ. ಕೋರ್ಸ್ ಬಿಟ್ಟರೂ ಇಎಂಐ ಬಿಡುವುದಿಲ್ಲ, ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳುತ್ತದೆ.

ಆಗ ನನಗೆ ಹೊಳೆದದ್ದು ಇಷ್ಟೇ. ಎಐ ಗೊತ್ತಿರುವ ಹುಡುಗರು ಬೇಕಾದಷ್ಟಿದ್ದಾರೆ. ಕ್ಲೈಮ್ ಎಲ್ಲಿ ತಪ್ಪುತ್ತದೆ ಎಂದು ಗೊತ್ತಿದ್ದು ಎಐ ಕೂಡ ಬರುವವರು ಕಡಿಮೆ. ಹಾಗಾಗಿ ನಿಮ್ಮ ಕಸುಬನ್ನು ಅಳಿಸಿ ಹೊಸದಾಗಿ ಶುರು ಮಾಡಬೇಡಿ, ಅದರ ಮೇಲೇ ಕಟ್ಟಿ.

ಕಲಿಯುವ ಕ್ರಮ ಹೀಗಿರಲಿ. ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, 5 ವಾರ. ಫೈಲ್ ಓದುವುದು, ಲಿಸ್ಟ್, ಡಿಕ್ಷನರಿ, ಜೇಸನ್ (ಡೇಟಾ ಬರೆದಿಡುವ ಒಂದು ರೂಪ), ಎಪಿಐ ಕರೆಯುವುದು (ಬೇರೆ ಸಾಫ್ಟ್‌ವೇರ್‌ಗೆ ಕೋಡ್‌ನಿಂದಲೇ ಪ್ರಶ್ನೆ ಕಳಿಸುವುದು), ಪಾಂಡಾಸ್ ಎಂಬ ಪೈಥಾನ್ ಟೂಲ್‌ನಲ್ಲಿ ಒಂದು ಎಕ್ಸೆಲ್ ಶೀಟನ್ನು ಬೇಕಾದ ಹಾಗೆ ತಿರುಗಿಸುವುದು, ಇಷ್ಟು ಬಂದರೆ ಸಾಕು. ಆಮೇಲೆ ಒಂದು ಭಾಷಾ ಮಾದರಿಯನ್ನು (ಚಾಟ್‌ಜಿಪಿಟಿಯ ಹಿಂದೆ ಇರುವಂಥದ್ದು) ಪೈಥಾನ್‌ನಿಂದ ಕರೆದು ಉತ್ತರ ತರಿಸುವುದು. ಮೂರನೆಯದು ರ‍್ಯಾಗ್ ಎನ್ನುವ ಪದ್ಧತಿ: ನಿಮ್ಮ ದಾಖಲೆಯನ್ನು ತುಂಡು ಮಾಡಿಟ್ಟು, ಪ್ರಶ್ನೆಗೆ ಹತ್ತಿರದ ತುಂಡುಗಳನ್ನು ಹುಡುಕಿ, ಅದನ್ನು ಓದಿಸಿ ಮಾದರಿಯಿಂದ ಉತ್ತರ ಪಡೆಯುವುದು. ಕೊನೆಯದು ಇವ್ಯಾಲ್ಯುಯೇಷನ್, ಅಂದರೆ ಬಂದ ಉತ್ತರವನ್ನು ಅಳೆಯುವುದು. ಟೆಸ್ಟರ್‌ಗಳಿಗೆ ಇದು ತವರು ಮನೆ ಇದ್ದ ಹಾಗೆ.

ಇಷ್ಟಕ್ಕೆ ದುಡ್ಡು ಬೇಕಿಲ್ಲ. ಐಐಟಿ ಪ್ರಾಧ್ಯಾಪಕರ ಪಾಠ ಎನ್‌ಪಿಟೆಲ್‌ನಲ್ಲಿ ಉಚಿತ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆ ಫೀಸು. ಕ್ಯಾಗಲ್‌ನ ಸಣ್ಣ ಪಾಠಗಳು, ಹಗ್ಗಿಂಗ್ ಫೇಸ್ ಕೋರ್ಸ್ ಎರಡೂ ಉಚಿತ. ಲ್ಯಾಪ್‌ಟಾಪ್ ಹಳೆಯದಾದರೆ ಗೂಗಲ್ ಕೊಲ್ಯಾಬ್‌ನಲ್ಲಿ ಕೋಡ್ ಬ್ರೌಸರ್‌ನಲ್ಲೇ ಓಡುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಒಲ್ಲಾಮಾ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಸಣ್ಣ ಮಾದರಿಯನ್ನು ಮನೆಯಲ್ಲೇ ಓಡಿಸಬಹುದು, ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್ನೆಟ್ ಕೂಡ ಬೇಡ. ಒಂದು ಮಾತ್ರ ನೆನಪಿಡಿ. ಒಂದು ಸಲಕ್ಕೆ ಒಂದೇ ಕೋರ್ಸ್.

"ಕೋಡ್ ಎಐ ಹತ್ತಿರವೇ ಬರೆಸಬಹುದಲ್ವಾ?" ಎಂದು ಕೇಳುತ್ತೀರಿ. ಬರೆಸಿ. ಆದರೆ ಮೊದಲ 5 ವಾರ ಬೇಡ. ಆಮೇಲೂ ಬರೆಸಿದ್ದನ್ನು ಸಾಲು ಸಾಲು ಓದಿ, ಮಾರನೇ ದಿನ ಅಳಿಸಿ ನೀವೇ ಬರೆಯಲು ನೋಡಿ. ಎಲ್ಲಿ ಕೈ ನಿಲ್ಲುತ್ತದೋ ಅದೇ ನಿಮಗೆ ಬಾರದ ಜಾಗ.

ಇನ್ನು ಪ್ರಾಜೆಕ್ಟ್. ಕೆಲಸ ಕೊಡಿಸಿದ್ದು ಇದೇ, ಸರ್ಟಿಫಿಕೇಟ್ ಅಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆರೋಗ್ಯ ವಿಮೆಯ ಪಾಲಿಸಿ ನಿಯಮಾವಳಿ ವಿಮಾ ಕಂಪನಿಗಳ ಜಾಲತಾಣದಲ್ಲೇ ಎಲ್ಲರಿಗೂ ಸಿಗುತ್ತದೆ. ಒಂದು ಪಿಡಿಎಫ್ ತಗೊಂಡೆ, ಅದರ ಮೇಲೆ ಪ್ರಶ್ನೋತ್ತರದ ಬಾಟ್ ಕಟ್ಟಿದೆ. ಕಟ್ಟಲು ಹಿಡಿದದ್ದು ಒಂದು ವಾರ. ಅದನ್ನು ಪರೀಕ್ಷಿಸಲು ಒಂದೂವರೆ ತಿಂಗಳು. ಶೀಟ್‌ನಲ್ಲಿ 60 ಪ್ರಶ್ನೆ ಬರೆದೆ, ಪಕ್ಕದಲ್ಲಿ ಸರಿಯಾದ ಉತ್ತರ, ಅದು ಯಾವ ಪುಟದಲ್ಲಿದೆ, ಬಾಟ್ ಏನಂದಿತು, ಎಲ್ಲಿ ತಪ್ಪಿತು.

ಒಂದು ಪ್ರಶ್ನೆ ಹೀಗಿತ್ತು: ಕೋಣೆ ಬಾಡಿಗೆಯ ಮಿತಿ ದಿನಕ್ಕೆ 5,000, ರೋಗಿ 10,000ದ ಕೋಣೆ ತಗೊಂಡರೆ ಕೈಯಿಂದ ಎಷ್ಟು ಹೋಗುತ್ತದೆ? ಬಾಟ್ "ಬಾಡಿಗೆಯ ವ್ಯತ್ಯಾಸ 5,000 ಕೊಟ್ಟರೆ ಸಾಕು" ಎಂದಿತು. ಓದಲು ಎಷ್ಟು ಚೆನ್ನಾಗಿದೆ ನೋಡಿ, ಆದರೆ ತಪ್ಪು. ಆ ಪಾಲಿಸಿಯಲ್ಲಿ ಅನುಪಾತದ ಕಡಿತ ಇದೆ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚಿಗೂ ವಿಮೆ ಕೊಡುವುದು ಅರ್ಧಕ್ಕೆ ಇಳಿಯುತ್ತದೆ, ಔಷಧಿ ಬಿಲ್‌ನಂಥ ಕೆಲವಕ್ಕೆ ಹಾಗೆ ಕತ್ತರಿ ಹಾಕುವಂತಿಲ್ಲ. ಆಸ್ಪತ್ರೆ ಬಿಲ್ ಹಿಡಿದು ನಿಂತ ಒಂದು ಮನೆಗೆ ಈ ತಪ್ಪು ಉತ್ತರ ಲಕ್ಷದ ಲೆಕ್ಕ. ಎಐ ಮಾತ್ರ ಗೊತ್ತಿರುವವರಿಗೆ ಈ ಪ್ರಶ್ನೆ ಕೇಳಬೇಕೆಂದೇ ಹೊಳೆಯುವುದಿಲ್ಲ.

ಇನ್ನೊಂದು. ಮೊದಲೇ ಇದ್ದ ಕಾಯಿಲೆಗೆ ಜಾಸ್ತಿ ಎಂದರೆ ಎಷ್ಟು ಕಾಯಬೇಕು? ದಾಖಲೆ ಕೊಡದೆ ಕೇಳಿದರೆ ನಾನು ಬಳಸಿದ ಮಾದರಿ "4 ವರ್ಷ" ಎಂದಿತು. 2024ರಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಈ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತ್ತು. ಹಳೆ ಪಠ್ಯದಲ್ಲಿ ಕಲಿತದ್ದು ಹಳೆಯದನ್ನೇ ಹೇಳುತ್ತದೆ.

ಕೆಲವು ತಪ್ಪುಗಳು ತುಂಡು ಮಾಡಿದ್ದರಿಂದ ಬಂದವು. "ಇವುಗಳಿಗೆ ವಿಮೆ ಇಲ್ಲ" ಎಂಬ ತಲೆಬರಹ ಒಂದು ತುಂಡಿನಲ್ಲಿ, ಪಟ್ಟಿ ಮುಂದಿನ ತುಂಡಿನಲ್ಲಿ. ಬಾಟ್ ಪಟ್ಟಿ ಮಾತ್ರ ಓದಿ ಎಲ್ಲದಕ್ಕೂ ವಿಮೆ ಇದೆ ಎಂದಿತು! ಪ್ರತಿ ತುಂಡಿಗೂ ಅದರ ತಲೆಬರಹ ಅಂಟಿಸಿದ ಮೇಲೆ ಸರಿಹೋಯಿತು. ಆ 60ರಲ್ಲಿ 15 ಪ್ರಶ್ನೆಗಳನ್ನು ನಮ್ಮ ಜನ ಮಾತಾಡುವ ಹಾಗೆ ಬರೆದೆ: "ಅಮ್ಮಂಗೆ ಶುಗರ್ ಇದೆ, ಕ್ಲೈಮ್ ಆಗುತ್ತಾ?" ಪಾಲಿಸಿ ಇಂಗ್ಲಿಷ್‌ನಲ್ಲಿದೆ, ಅದರಲ್ಲಿ ಇರುವುದು ಡಯಾಬಿಟಿಸ್. ಹುಡುಕಾಟಕ್ಕೆ ಸರಿಯಾದ ತುಂಡೇ ಸಿಗಲಿಲ್ಲ. ಪ್ರಶ್ನೆಯನ್ನು ಮೊದಲು ಇಂಗ್ಲಿಷ್‌ಗೆ ತಿರುಗಿಸಿ ಹುಡುಕಿಸಿದಾಗ ಸಿಕ್ಕಿತು. ಕನ್ನಡ ಗೊತ್ತಿರುವುದೂ ಇಲ್ಲಿ ಒಂದು ಬಂಡವಾಳ, ಬಿಡಬೇಡಿ.

60 ಉತ್ತರಗಳನ್ನೂ ಮೊದಲು ನೀವೇ ತಿದ್ದಿ ಅಂಕ ಕೊಡಿ. ಆಮೇಲೆ ಇನ್ನೊಂದು ಮಾದರಿಗೆ ತಿದ್ದಲು ಕೊಟ್ಟು, ಅದರ ಅಂಕ ನಿಮ್ಮ ಅಂಕಕ್ಕೆ ಎಷ್ಟು ಹೊಂದುತ್ತದೆ ನೋಡಿ. ಹೊಂದದಿದ್ದರೆ ಆ ತಿದ್ದುವವನನ್ನು ನಂಬಬೇಡಿ.

ನೀವು ಟೆಸ್ಟರ್ ಅಲ್ಲದಿದ್ದರೂ ದಾರಿ ಇದೇ. ಅಕೌಂಟ್ಸ್‌ನಲ್ಲಿ ಇದ್ದವರು ಬಿಲ್ ಫೋಟೋದಿಂದ ವಿವರ ತೆಗೆಯುವ ಪ್ರಾಜೆಕ್ಟ್ ಮಾಡಿ. ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು, ಕರ್ನಾಟಕದ್ದು 29ರಿಂದ ಶುರು. ಎಐ ಒಂದು ಅಂಕಿ ತಪ್ಪು ಓದಿದರೆ ನಿಮ್ಮ ಕಣ್ಣಿಗೆ ತಕ್ಷಣ ಬೀಳುತ್ತದೆ. ಕಾಲ್ ಸೆಂಟರ್‌ನವರಿಗೆ ಯಾವ ದೂರು ನಾಳೆಗೆ ಕಾಯಬಹುದು, ಯಾವುದು ಇವತ್ತೇ ಮ್ಯಾನೇಜರ್‌ಗೆ ಹೋಗಬೇಕು ಎಂದು ಗೊತ್ತು, ಅದನ್ನೇ ಎಐ ಸರಿಯಾಗಿ ವಿಂಗಡಿಸುತ್ತಾ ಎಂದು ಅಳೆಯಿರಿ. ಹಳೆ ಕಂಪನಿಯ ಡೇಟಾ, ಕೋಡ್, ಟೆಸ್ಟ್ ಕೇಸ್ ಮಾತ್ರ ಮುಟ್ಟಬೇಡಿ.

ರೆಸ್ಯೂಮೆಯಲ್ಲಿ "ಎಐ ಬಲ್ಲೆ" ಎಂದು ಬರೆದರೆ ಯಾರೂ ಓದುವುದಿಲ್ಲ. ನಾನು ಬರೆದದ್ದು: "ವಿಮಾ ಪಾಲಿಸಿ ಬಾಟ್‌ಗೆ 60 ಪ್ರಶ್ನೆಗಳ ಪರೀಕ್ಷೆ ಬರೆದೆ, 23 ತಪ್ಪು ಸಿಕ್ಕವು, ಕಾರಣ ಹುಡುಕಿ 7ಕ್ಕೆ ಇಳಿಸಿದೆ." ಶೀಟ್, ಕೋಡ್ ಎರಡೂ ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿಟ್ಟು ಲಿಂಕ್ ಕೊಟ್ಟೆ. ಉಳಿದ 7 ಯಾಕೆ ಉಳಿದವು ಎಂದೂ ಬರೆದಿಡಿ, ಇಂಟರ್‌ವ್ಯೂನಲ್ಲಿ ಜಾಸ್ತಿ ಮಾತು ಅದರ ಮೇಲೇ ನಡೆಯಿತು. ಹಳೆ ಸಹೋದ್ಯೋಗಿಗಳಿಗೆ "ಏನಾದ್ರೂ ಇದ್ರೆ ಹೇಳಿ" ಎಂದು ಕಳಿಸಿದರೆ ಪಾಪ ಅವರಿಗೂ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಇಂಥ ಹುದ್ದೆಗೆ ರೆಫರ್ ಮಾಡಿ, ಇದು ನನ್ನ ಪ್ರಾಜೆಕ್ಟ್ ಎಂದು ನೇರವಾಗಿ ಕೇಳಿ. ಗ್ಯಾಪ್ ಬಗ್ಗೆ ಕೇಳಿದರೆ ಲೇಆಫ್ ಆಯಿತು ಎಂದು ಒಂದೇ ಮಾತಿನಲ್ಲಿ ಹೇಳಿ ಕೆಲಸದ ವಿಷಯಕ್ಕೆ ಬನ್ನಿ. ಸುಳ್ಳು ಅನುಭವ ಹಾಕಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ, ಪಿಎಫ್ ದಾಖಲೆ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಕೆಲಸಕ್ಕೆ ಮೊದಲು ಡಿಪಾಸಿಟ್ ಕೇಳಿದರೆ ಅದು ಮೋಸ, ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಂಬಳ ಹಳೆಯದಕ್ಕಿಂತ ಕಡಿಮೆಗೇ ಒಪ್ಪಿದೆ. ಮನೆ ಬಾಡಿಗೆ, ಇಎಂಐ, ಊರಿಗೆ ಕಳಿಸುವುದು ಎಲ್ಲ ಕೂಡಿಸಿ ಎಷ್ಟರ ಕೆಳಗೆ ಇಳಿಯುವಂತಿಲ್ಲ ಎಂದು ಮೊದಲೇ ಬರೆದಿಟ್ಟುಕೊಂಡಿದ್ದೆ, ಹಾಗಾಗಿ ಫೋನ್‌ನಲ್ಲಿ ಕೇಳಿದಾಗ ತಡವರಿಸಲಿಲ್ಲ.

ಆಫರ್ ಲೆಟರ್ ಕೈಗೆ ಬರುವವರೆಗೆ ಹುಡುಕುವುದನ್ನು ನಿಲ್ಲಿಸಬೇಡಿ. ಒಂದು ಕಡೆ ನನಗೆ ಆಯ್ಕೆಯಾಗಿದೆ ಎಂದು ಬಾಯಿ ಮಾತಿನಲ್ಲಿ ಹೇಳಿ, 3 ವಾರ ಕಾಯಿಸಿ, ಆ ಹುದ್ದೆಯೇ ಇಲ್ಲ ಎಂದರು. ಆ 3 ವಾರದಲ್ಲೂ ಅರ್ಜಿ ಹಾಕುತ್ತಲೇ ಇದ್ದೆ. ಈಗಿನ ಕೆಲಸದ ಮೊದಲ ಇಂಟರ್‌ವ್ಯೂ ಆದದ್ದು ಆಗಲೇ.