‘ಪುಟ್ ಆಫ್’ ಬಳಸುವುದು ಹೇಗೆ?

ಮಳೆ ಬಂತು, ಶಿರಸಿಯಲ್ಲಿ ಯಕ್ಷಗಾನದ ಆಟವನ್ನು ಶನಿವಾರಕ್ಕೆ ಮುಂದೆ ಹಾಕಿದರು. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಹಾಕು’ ಎಂದರೆ ‘ಪುಟ್’, ‘ಮುಂದೆ’ ಎಂದರೆ ‘ಫಾರ್ವರ್ಡ್’ ಎಂದು ಜೋಡಿಸಿದರೆ ಅರ್ಥ ಕೆಡುತ್ತದೆ. ‘ಪುಟ್ ಫಾರ್ವರ್ಡ್’ ಹೆಚ್ಚಾಗಿ ಸಲಹೆ ಮುಂದಿಡುವುದಕ್ಕೆ ಬರುವ ಮಾತು. ‘ಬ್ರಿಂಗ್ ಫಾರ್ವರ್ಡ್’ ಎಂದರಂತೂ ಗೊತ್ತಾದ ದಿನಕ್ಕಿಂತ ಮೊದಲೇ ನಡೆಸುವುದು, ಪೂರ್ತಿ ಉಲ್ಟಾ. ಇಲ್ಲಿ ಬೇಕಾದದ್ದು ‘ಪುಟ್ ಆಫ್’: ‘ದೇ ಪುಟ್ ಆಫ್ ದ ಶೋ ಟಿಲ್ ಸ್ಯಾಟರ್‌ಡೇ.’ ಭೂತಕಾಲದಲ್ಲೂ ‘ಪುಟ್’ ಎಂದೇ ಇರುತ್ತದೆ, ‘ಪುಟೆಡ್’ ಇಲ್ಲ. ಆಟ ರದ್ದೇ ಆದರೆ ‘ಕಾಲ್ಡ್ ಆಫ್’.

ಹೆಚ್ಚು ತಪ್ಪಾಗುವುದು ಪದಗಳ ಜಾಗದಲ್ಲಿ. ‘ಪುಟ್ ಆಫ್ ದ ಶೋ’, ‘ಪುಟ್ ದ ಶೋ ಆಫ್’ ಎರಡೂ ಸರಿ. ಆದರೆ ‘ಅದನ್ನು’ ಎನ್ನುವಾಗ ‘ಇಟ್’ ನಡುವೆಯೇ ಬರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಹೇಳುವಾಗ ಒತ್ತು ‘ಆಫ್’ ಮೇಲೆ ಬೀಳಲಿ. ‘ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ಬೋಟ್ ಟ್ರಿಪ್’ನಂಥ ಉದ್ದನೆಯ ಮಾತಿದ್ದರೆ ಅದನ್ನು ‘ಆಫ್’ ಆದಮೇಲೆ ಇಡಿ. ನಡುವೆ ತುರುಕಿದರೆ ‘ಆಫ್’ ಬರುವಷ್ಟರಲ್ಲಿ ಕೇಳುವವರಿಗೆ ‘ಪುಟ್’ ಮರೆತಿರುತ್ತದೆ.

ಮುಂದೆ ಹಾಕಿದ್ದು ಒಂದು ಕೆಲಸವಾದರೆ ಆ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಬಣ್ಣ ಬಳಿಯುವುದನ್ನು ಆವಾಗ ನೋಡೋಣ ಎಂದು ಕಾರವಾರದ ಬೋಟಿನವರು ಹೇಳಿದರೆ: ‘ಲೆಟ್ಸ್ ಪುಟ್ ಆಫ್ ಪೇಂಟಿಂಗ್ ದ ಬೋಟ್ ಟಿಲ್ ಜೂನ್.’ ಇಲ್ಲಿ ‘ಟು ಪೇಂಟ್’ ಎನ್ನಬಾರದು. ಇವತ್ತು ನಾಳೆ ಎಂದು ದೂಡುತ್ತಲೇ ಇರುವವರಿಗೆ ‘ಕೀಪ್ಸ್ ಪುಟಿಂಗ್ ಇಟ್ ಆಫ್’. ಬರೆಯುವಾಗ ‘ಪುಟಿಂಗ್’ಗೆ ಎರಡು ‘ಟಿ’. ಕಚೇರಿಯ ಅರ್ಜಿಗೆ ‘ಪೋಸ್ಟ್‌ಪೋನ್’ ಒಪ್ಪುತ್ತದೆ, ಮಾತಿಗೆ ‘ಪುಟ್ ಆಫ್’.

ದೀಪ ಆರಿಸಲು ‘ಪುಟ್ ಆಫ್ ದ ಲೈಟ್’ ಎನ್ನುವುದು ತಪ್ಪೇನಲ್ಲ. ಆದರೂ ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಅರ್ಥ ಮನಸ್ಸಿಗೆ ಸಂಬಂಧಿಸಿದ್ದು: ಬೇಡ ಅನ್ನಿಸುವಂತೆ ಮಾಡು. ಮೊದಲ ಸಲ ಒಣಮೀನಿನ ಸಂತೆಗೆ ಬಂದವರಿಗೆ ‘ಡೋಂಟ್ ಲೆಟ್ ದ ಸ್ಮೆಲ್ ಪುಟ್ ಯು ಆಫ್’ ಎಂದರೆ, ವಾಸನೆಗೆ ಹಿಂಜರಿಯಬೇಡಿ ಎಂದು. ಈ ಅರ್ಥದಲ್ಲಿ ಸಾಮಾನ್ಯವಾಗಿ ವ್ಯಕ್ತಿ ನಡುವೆ ಬರುತ್ತಾನೆ, ಯಾವುದು ಬೇಡವಾಯಿತೋ ಅದು ‘ಆಫ್’ ನಂತರ: ‘ದ ಸ್ಮೆಲ್ ಪುಟ್ ಹಿಮ್ ಆಫ್ ಹಿಸ್ ಲಂಚ್.’ ವಾಸನೆಗೆ ಅವನಿಗೆ ಊಟವೇ ಬೇಡವಾಯ್ತು.