ಭೂಕಂಪದ ಶಕ್ತಿ ಎಷ್ಟು? ಮೊಬೈಲ್‌ನಲ್ಲೇ ಲೆಕ್ಕ ಹಾಕಿ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮ ಮಾಡಿದ ಭೂಕಂಪದ ಪ್ರಮಾಣ (ಮ್ಯಾಗ್ನಿಟ್ಯೂಡ್) 6.2. 2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಗುಜರಾತಿನ ಭುಜ್ ನಡುಗಿದ್ದು 7.7ರ ಕಂಪನಕ್ಕೆ. ಬರೀ ಒಂದೂವರೆ ಜಾಸ್ತಿ, ಅಲ್ವಾ? ಲೆಕ್ಕ ಹಾಕಿ ನೋಡೋಣ.

ಮೊದಲು ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಿರಿ: 7.7ರಲ್ಲಿ 6.2 ಹೋದರೆ 1.5.

ಬಂದಿದ್ದನ್ನು 1.5ರಿಂದ ಗುಣಿಸಿ. 2.25 ಆಯಿತು. (ಇಲ್ಲಿ ಎರಡೂ 1.5 ಆಗಿರುವುದು ಕಾಕತಾಳೀಯ. ಗುಣಿಸುವ 1.5 ಮಾತ್ರ ಯಾವ ಭೂಕಂಪಕ್ಕೂ ಬದಲಾಗುವುದಿಲ್ಲ.)

ಈಗ ಮೊಬೈಲ್ ಕ್ಯಾಲ್ಕುಲೇಟರ್ ತೆರೆದು ಫೋನನ್ನು ಅಡ್ಡ ಹಿಡಿಯಿರಿ. ಸಾಮಾನ್ಯವಾಗಿ ಸೈಂಟಿಫಿಕ್ ಬಟನ್‌ಗಳು ಕಾಣಿಸುತ್ತವೆ. 10 ಒತ್ತಿ, ಘಾತದ ಬಟನ್ (xʸ ಅಥವಾ ^) ಒತ್ತಿ, 2.25 ಹಾಕಿ. ಉತ್ತರ ಸುಮಾರು 178. ಭುಜ್‌ನಲ್ಲಿ ಅಲೆಗಳಾಗಿ ಹೊಮ್ಮಿದ ಶಕ್ತಿ ಕಿಲ್ಲಾರಿಯದ್ದಕ್ಕಿಂತ 178 ಪಟ್ಟು!

ಅಂಕಿ ಒಂದು ಏರಿದರೆ ಅಳೆಯುವ ಯಂತ್ರದಲ್ಲಿ ಅಲೆಯ ಎತ್ತರ 10 ಪಟ್ಟಾಗುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಶಕ್ತಿ ಮಾತ್ರ ಸುಮಾರು 32 ಪಟ್ಟು ಏರುತ್ತದೆ. ಯಾಕೆಂದರೆ ದೊಡ್ಡ ಭೂಕಂಪದಲ್ಲಿ ನೆಲ ಜೋರಾಗಿ ಅಲುಗುವುದಷ್ಟೇ ಅಲ್ಲ, ಬಂಡೆ ತುಂಬಾ ದೂರದವರೆಗೆ ಸೀಳುತ್ತದೆ, ಜಾಸ್ತಿ ಜಾರುತ್ತದೆ, ಅದಕ್ಕೆ ಹೊತ್ತೂ ಹಿಡಿಯುತ್ತದೆ. 2004ರಲ್ಲಿ ಸುನಾಮಿ ಎಬ್ಬಿಸಿದ ಸುಮಾತ್ರದ ಭೂಕಂಪದಲ್ಲಿ ಸೀಳು ಸಾವಿರ ಕಿಲೋಮೀಟರಿಗೂ ಜಾಸ್ತಿ ಉದ್ದ ಓಡಿತು. ಅದಕ್ಕೆ ಹಲವು ನಿಮಿಷಗಳೇ ಬೇಕಾದವು.

ಕ್ಯಾಲ್ಕುಲೇಟರ್ ಕೈಯಲ್ಲಿಲ್ಲದಿದ್ದರೆ ಅಂದಾಜಿಗೆ ಇಷ್ಟು ಸಾಕು: 0.2 ಏರಿದರೆ ಶಕ್ತಿ ದುಪ್ಪಟ್ಟು, 2 ಏರಿದರೆ ಸಾವಿರ ಪಟ್ಟು.

ಆದರೆ ಸಾವು-ನೋವಿಗೂ ಇದೇ ಲೆಕ್ಕ ಹಾಕಬೇಡಿ. ಕಿಲ್ಲಾರಿಯ ಭೂಕಂಪದಲ್ಲಿ ಸತ್ತವರು ಸುಮಾರು 10 ಸಾವಿರ. ಗುಜರಾತಿನಲ್ಲಿ ಸುಮಾರು 20 ಸಾವಿರ. 178 ಪಟ್ಟು ಎಲ್ಲಿ, ಎರಡು ಪಟ್ಟು ಎಲ್ಲಿ! ಕಿಲ್ಲಾರಿಯ ಕಂಪನ ಹುಟ್ಟಿದ್ದು ನೆಲದಿಂದ ಹೆಚ್ಚು ಆಳದಲ್ಲಲ್ಲ. ಹೊತ್ತು ಬೆಳಗಿನ ಜಾವ ನಾಲ್ಕರ ಸುಮಾರು, ಜನ ಮಲಗಿದ್ದರು. ಮೇಲೆ ಬಿದ್ದಿದ್ದು ಮಣ್ಣಿನಲ್ಲಿ ಕಲ್ಲು ಜೋಡಿಸಿ ಕಟ್ಟಿದ ದಪ್ಪ ಗೋಡೆಗಳು.

ಇದೇ ಲೆಕ್ಕ ಇನ್ನೊಂದು ನಂಬಿಕೆಗೂ ಉತ್ತರ ಕೊಡುತ್ತದೆ. 'ಸಣ್ಣಪುಟ್ಟವು ಆಗ್ತಾ ಇದ್ರೆ ಒಳ್ಳೇದು, ಭೂಮಿಯೊಳಗಿನ ಒತ್ತಡ ಖಾಲಿಯಾಗುತ್ತೆ' ಎನ್ನುವವರಿದ್ದಾರೆ. ವಿಜಯಪುರದ ಕಡೆ ಆಗಾಗ ಸಣ್ಣ ಕಂಪನಗಳು ಬರುತ್ತವಲ್ಲ, ಅಂಥದ್ದೊಂದು 3.2 ಇತ್ತು ಎಂದುಕೊಳ್ಳಿ. ಕಿಲ್ಲಾರಿಗೂ ಅದಕ್ಕೂ ವ್ಯತ್ಯಾಸ 3. ಅದನ್ನು 1.5ರಿಂದ ಗುಣಿಸಿದರೆ 4.5. ಹತ್ತರ ಘಾತ 4.5 ಎಂದರೆ 31 ಸಾವಿರಕ್ಕೂ ಜಾಸ್ತಿ. ಕಿಲ್ಲಾರಿಯ ಒಂದೇ ಏಟಿಗೆ ಸಮ ಆಗಬೇಕಾದರೆ ಅಂಥವು ಅಷ್ಟು ಸಲ ಬರಬೇಕು.