ಕೇಸ್ ಫ್ಯಾನ್ ಯಾವ ಕಡೆಗೆ ಊದಬೇಕು?

ಕಂಪ್ಯೂಟರ್ ತುಂಬಾ ಬಿಸಿಯಾಗುತ್ತದೆ ಎಂದು ಯಾರಾದರೂ ತಂದಿಟ್ಟರೆ ನಾನು ಅದರ ಕೇಸಿನಲ್ಲಿ, ಅಂದರೆ ಹೊರಗಿನ ಪೆಟ್ಟಿಗೆಯಲ್ಲಿ, ಫ್ಯಾನ್ ಎಷ್ಟಿವೆ ಎಂದು ಎಣಿಸಲು ಹೋಗುವುದಿಲ್ಲ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ ಎಂದು ನೋಡುತ್ತೇನೆ. ದಿಕ್ಕು ಸರಿಯಿರುವ ಎರಡು ಫ್ಯಾನ್, ಒಂದಕ್ಕೊಂದು ಎದುರು ಊದುವ ಆರು ಫ್ಯಾನಿಗಿಂತ ಎಷ್ಟೋ ಮೇಲು.

ಫ್ಯಾನನ್ನು ಕೈಗೆತ್ತಿಕೊಳ್ಳಿ. ಒಂದು ಬದಿಯಲ್ಲಿ ರೆಕ್ಕೆಗಳು ಅಡ್ಡಿಯಿಲ್ಲದೆ ಕಾಣುತ್ತವೆ. ಇನ್ನೊಂದು ಬದಿಯಲ್ಲಿ ಮೋಟರನ್ನು ಹಿಡಿದಿರುವ ಮೂರ್ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳಿರುತ್ತವೆ, ವೈರೂ ಅಲ್ಲಿಂದಲೇ ಹೊರಡುತ್ತದೆ. ಗಾಳಿ ತೆರೆದ ಬದಿಯಿಂದ ಒಳಹೊಕ್ಕು ಕಡ್ಡಿಗಳಿರುವ ಬದಿಯಿಂದ ಹೊರಬೀಳುತ್ತದೆ. ಕೆಲವು ಫ್ಯಾನುಗಳ ಚೌಕಟ್ಟಿನ ಮೇಲೆ ಎರಡು ಬಾಣದ ಗುರುತೂ ಇರುತ್ತವೆ: ಒಂದು ರೆಕ್ಕೆ ತಿರುಗುವ ದಿಕ್ಕು, ಇನ್ನೊಂದು ಗಾಳಿಯ ದಿಕ್ಕು. ಈಗ ರಿವರ್ಸ್ ಬ್ಲೇಡ್ ಫ್ಯಾನುಗಳೂ ಬಂದಿವೆ, ಅವುಗಳಲ್ಲಿ ಗಾಳಿ ಕಡ್ಡಿಗಳ ಬದಿಯಿಂದ ಒಳಹೊಕ್ಕು ತೆರೆದ ಬದಿಯಿಂದ ಹೊರಬೀಳುತ್ತದೆ. ಅನುಮಾನವಿದ್ದರೆ ಸ್ಕ್ರೂ ಬಿಗಿಯುವ ಮೊದಲೇ ಕರೆಂಟ್ ಕೊಟ್ಟು ಟಿಶ್ಯೂ ಚೂರೊಂದನ್ನು ಹತ್ತಿರ ಹಿಡಿದು ನೋಡಿ.

ಮುಂದಿನಿಂದ ಒಳಕ್ಕೆ, ಹಿಂದಿನಿಂದ ಹೊರಕ್ಕೆ. ಸಾಮಾನ್ಯ ಟವರ್ ಕೇಸಿಗೆ ಇಷ್ಟು ಸಾಕು. ಸಿಪಿಯು ಕೂಲರ್ (ಪ್ರೊಸೆಸರನ್ನು ತಣಿಸುವ ಭಾಗ) ಗೋಪುರದಂತೆ ನಿಲ್ಲುವ ಟವರ್ ಮಾದರಿಯದಾದರೆ ಅದರ ಫ್ಯಾನೂ ಹಿಂದಕ್ಕೇ ಊದಬೇಕು. ಮೇಲ್ಭಾಗದಲ್ಲಿ ಫ್ಯಾನ್ ಹಾಕುವುದಾದರೆ ಹಿಂಬದಿಯ ಜಾಗದಲ್ಲಿ, ಹೊರಕ್ಕೆ ಊದುವಂತೆ ಹಾಕಿ. ಮೇಲೆ ಮುಂಬದಿಯ ಜಾಗವನ್ನು ನಾನು ಖಾಲಿ ಬಿಡುತ್ತೇನೆ. ಅಲ್ಲಿ ಹೊರಕ್ಕೆ ಊದುವ ಫ್ಯಾನ್ ಕೂರಿಸಿದರೆ ಮುಂದಿನಿಂದ ಬಂದ ತಣ್ಣನೆ ಗಾಳಿ ಸಿಪಿಯು ಕೂಲರ್ ತಲುಪುವ ಮೊದಲೇ ಹೊರಗೆ ಹೋಗಿಬಿಡುತ್ತದೆ. ಬಿಸಿ ಗಾಳಿ ಮೇಲಕ್ಕೇ ಏರುತ್ತದಲ್ಲ ಎಂದು ಕೇಳುವವರಿದ್ದಾರೆ. ಏರುತ್ತದೆ ನಿಜ, ಆದರೆ ಫ್ಯಾನಿನ ತಳ್ಳುವಿಕೆಯ ಮುಂದೆ ಆ ಏರಿಕೆ ಏನೇನೂ ಅಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮುಂದಿನ ಫ್ಯಾನುಗಳಲ್ಲಿ ಒಂದಾದರೂ ಅದರ ಮಟ್ಟಕ್ಕೆ ಬರಲಿ. ಬಹುತೇಕ ಕಾರ್ಡುಗಳು ತಮ್ಮ ಶಾಖವನ್ನು ಕೇಸಿನೊಳಕ್ಕೇ ಬಿಡುತ್ತವೆ.

ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಒಂದಿಷ್ಟು ಹೆಚ್ಚಿರಲಿ. ಆಗ ಸಂದುಗೊಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ, ಧೂಳು ಫಿಲ್ಟರಿನಲ್ಲೇ ನಿಲ್ಲುತ್ತದೆ. ಇದನ್ನೂ ಟಿಶ್ಯೂ ಹೇಳುತ್ತದೆ. ಹಿಂಬದಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಕೆಳಗಿರುವ ತೂತಿನ ಪಟ್ಟಿಗಳ ಹತ್ತಿರ ಹಿಡಿಯಿರಿ. ಹೊರಕ್ಕೆ ಅಲುಗಿದರೆ ಸರಿ. ಪಟ್ಟಿಗೆ ಅಂಟಿಕೊಂಡರೆ ಕೇಸು ಫಿಲ್ಟರ್ ಇಲ್ಲದ ಕಡೆಯಿಂದ ಗಾಳಿ ಎಳೆಯುತ್ತಿದೆ, ಹಿಂದಿನ ಫ್ಯಾನಿನ ವೇಗ ತಗ್ಗಿಸಿ.

ವೈರಿನ ಮಾತು. ವೈರಿನ ತುದಿಯ ಕನೆಕ್ಟರಿನಲ್ಲಿ 3 ಪಿನ್ ಇರುವ ಫ್ಯಾನಿನ ವೇಗ ವೋಲ್ಟೇಜಿನಿಂದ ಬದಲಾಗುತ್ತದೆ, 4 ಪಿನ್ನಿನದು ಪಿಡಬ್ಲ್ಯುಎಂ ಎಂಬ, ವೇಗವಾಗಿ ಆನ್-ಆಫ್ ಆಗುವ ಸಂಕೇತದಿಂದ. ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಮೊದಲನೆಯದಕ್ಕೆ ಡಿಸಿ, ಅಂದರೆ ವೋಲ್ಟೇಜ್ ವಿಧಾನ, ಎರಡನೆಯದಕ್ಕೆ ಪಿಡಬ್ಲ್ಯುಎಂ ಆರಿಸಿ. 3 ಪಿನ್ನಿನದು ಸದಾ ಪೂರ್ಣ ವೇಗದಲ್ಲಿ ಕಿರುಚುತ್ತಿದ್ದರೆ ಕಾರಣ ಹೆಚ್ಚಾಗಿ ಈ ಆಯ್ಕೆ ತಪ್ಪಿರುವುದೇ. ಸಿಪಿಯು ಶಾಖ ಕ್ಷಣದಲ್ಲಿ ಜಿಗಿದು ಕ್ಷಣದಲ್ಲಿ ಇಳಿಯುವುದರಿಂದ, ಫ್ಯಾನ್ ಪ್ರತಿಕ್ರಿಯೆಗೆ ಕೆಲವು ಸೆಕೆಂಡುಗಳ ವಿಳಂಬ ಕೊಡಿ. ಸದ್ದು ಏರಿಳಿಯುವುದು ನಿಲ್ಲುತ್ತದೆ.

ಕೊನೆಗೆ ಪರೀಕ್ಷೆ. ಭಾರೀ ಗೇಮೊಂದನ್ನು ಅರ್ಧ ಗಂಟೆ ಓಡಿಸಿ ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಎರಡರ ಉಷ್ಣಾಂಶ ಬರೆದಿಟ್ಟುಕೊಳ್ಳಿ. ಪಕ್ಕದ ಬಾಗಿಲು ತೆಗೆದು ಮತ್ತೆ ಅಷ್ಟೇ ಹೊತ್ತು ಓಡಿಸಿ. ಎರಡು ಮೂರು ಡಿಗ್ರಿ ಇಳಿದರೆ ನಿಮ್ಮ ಜೋಡಣೆ ಚೆನ್ನಾಗಿದೆ. ಹತ್ತು ಡಿಗ್ರಿ ಇಳಿದರೆ ಕೇಸಿಗೆ ಉಸಿರು ಕಟ್ಟಿದೆ. ಬಾಗಿಲು ಹಾಕಿ, ಈ ಸಲ ಮುಂದಿನ ಫಲಕವನ್ನು ಮಾತ್ರ ಕಳಚಿ ನೋಡಿ. ಅದರಿಂದಲೇ ಇಳಿದರೆ ಹೊಸ ಫ್ಯಾನಿಗೆ ಹಣ ಹಾಕಬೇಡಿ: ಫಿಲ್ಟರ್ ತೊಳೆಯಿರಿ, ಆಗಲೂ ಇಳಿಯದಿದ್ದರೆ ಮುಂದೆ ಜಾಲರಿಯಿರುವ ಕೇಸಿಗೆ ಬದಲಾಯಿಸಿ.